ಲೇಬರ್ ಕಾಟ್, ಚೆಂಡು, ಹೆರಿಗೆ ಸ್ಟೂಲ್: ಕೊಳ್ಳುವ ಮುಂಚೆ ಮಗ್ಗುಲಾಗಿ ಮಲಗಿ ನೋಡಿ

ಹುಬ್ಬಳ್ಳಿಯ ಸರ್ಜಿಕಲ್ ಅಂಗಡಿಗೆ ಹೋಗಿ ಲೇಬರ್ ರೂಮಿನ ಸಾಮಾನು ಕೇಳಿದರೆ ಮೊದಲು ತೋರಿಸುವುದು ಹಳೆಯ ಮಾದರಿಯ ಸ್ಟೀಲ್ ಟೇಬಲ್. ಎರಡು ತುಂಡಿನ ಹಾಸಿಗೆ, ನಡುವೆ ಅರ್ಧಚಂದ್ರದಂತೆ ಕತ್ತರಿಸಿದ ಜಾಗ, ಅದರ ಕೆಳಗೊಂದು ಬೇಸಿನ್, ಎರಡೂ ಬದಿಗೆ ಕಾಲು ಏರಿಸಿಡುವ ಕಂಬ. ಗಟ್ಟಿಮುಟ್ಟು, ತೊಳೆಯಲು ಸುಲಭ, ಬೆಲೆಯೂ ಕಡಿಮೆ. ಅದರ ಮೇಲಿನ ದರ್ಜೆಯದು ಬೆನ್ನು, ಸೊಂಟ, ಕಾಲು ಎಂದು ಮೂರು ಭಾಗವಾಗಿ ಏರಿಳಿಯುವ ಕಾಟ್. ಹ್ಯಾಂಡಲ್ ತಿರುಗಿಸುವುದೂ ಸಿಗುತ್ತದೆ, ಮೋಟಾರಿನದೂ ಸಿಗುತ್ತದೆ. ಇವುಗಳ ಜೊತೆಗೆ ಈಗ ಬ್ಯಾನಿಯ ಹೊತ್ತಿಗೆ ಕೂರುವ, ಗಾಳಿ ತುಂಬಿದ ದೊಡ್ಡ ಚೆಂಡು ಮತ್ತು ಕೂತು ಹಡೆಯುವ ಹೆರಿಗೆ ಸ್ಟೂಲ್ ಕೇಳುವವರೂ ಇದ್ದಾರೆ. ಗದಗ, ಹಾವೇರಿ, ಧಾರವಾಡ ಕಡೆಯ ಸಣ್ಣ ಹೆರಿಗೆ ಆಸ್ಪತ್ರೆ ನಡೆಸುವವರಿಗೂ, ಚೆಂಡನ್ನಷ್ಟೇ ಮನೆಗೆ ಒಯ್ಯಬೇಕೆಂದಿರುವ ಬಸುರಿಯರಿಗೂ ಉಪಯೋಗವಾಗಲಿ ಎಂದು ಈ ನಾಲ್ಕನ್ನೂ ಲೇಬರ್ ರೂಮಿನ ಕೆಲಸ ಬಲ್ಲ ನಾವು ಕೆಲವರು ಕೂಡಿ ತೂಗಿ ನೋಡಿದ್ದೇವೆ. ನಮ್ಮ ಅಳತೆಗೋಲು ಒಂದೇ: ಬ್ಯಾನಿ ತಿನ್ನುತ್ತಿರುವ ಹೆಂಗಸು ಇದರ ಮೇಲೆ ತನಗೆ ಬೇಕಾದ ಹಾಗೆ ಹೊರಳಬಹುದೇ? ಹೊರಳಿದಾಗ ಅವಳಿಗಾಗಲಿ ಕೂಸಿಗಾಗಲಿ ಗಾಯವಾಗದಂತೆ ಕಾಯಲು ಸಾಧ್ಯವೇ?

ಹೊರಳುವ ಮಾತಿಗೆ ಇಷ್ಟು ತೂಕ ಏಕೆಂದು ಮೊದಲು ಹೇಳುತ್ತೇವೆ. ತುಂಬಿದ ಬಸುರಿ ಅಂಗಾತ ಮಲಗಿದರೆ ಗರ್ಭಕೋಶದ ಭಾರವೆಲ್ಲ ಬೆನ್ನುಮೂಳೆಯ ಮುಂದೆ ಹಾಯುವ ದೊಡ್ಡ ರಕ್ತನಾಳಗಳ ಮೇಲೆ ಬೀಳುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಬಿಪಿ ಇಳಿಯುತ್ತದೆ, ಕಣ್ಣಿಗೆ ಕತ್ತಲೆ ಬರುತ್ತದೆ. ಮಾಸಿಗೆ ಹೋಗುವ ರಕ್ತವೂ ತಗ್ಗಿ ಕೂಸಿನ ಎದೆಬಡಿತ ಏರುಪೇರಾಗಬಹುದು. ಇದರ ಜೊತೆಗೆ ಬಾಲಮೂಳೆ ಹಾಸಿಗೆಗೆ ಒತ್ತಿಕೊಳ್ಳುತ್ತದೆ. ತಲೆ ಹೊರಬರುವ ಹೊತ್ತಿಗೆ ಹಿಂದಕ್ಕೆ ಸರಿದು ದಾರಿ ಬಿಡಬೇಕಾದ ಮೂಳೆ ಅದು, ಆದರೆ ಸರಿಯಲು ಅದಕ್ಕೆ ಜಾಗವಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸುಗಳಲ್ಲಿ, ಬೆನ್ನಿಗೆ ನೋವು ತಗ್ಗಿಸುವ ಇಂಜೆಕ್ಷನ್ (ಎಪಿಡ್ಯೂರಲ್) ತಗೊಂಡಿರಲಿ ಬಿಡಲಿ, ಭಂಗಿಯ ಆಯ್ಕೆ ಹಡೆಯುವವಳಿಗೇ ಇರಬೇಕು ಎಂದಿದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಿಗಾಗಿ 2017ರಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮದಲ್ಲೂ ಅನುಕೂಲವಾದ ಭಂಗಿಯ ಮಾತಿದೆ. ಹೀಗಿದ್ದೂ ಕಾಲನ್ನು ಕಂಬಕ್ಕೇರಿಸಿಯೇ ಹೆರಿಗೆ ಮಾಡಿಸುವ ರೂಢಿ ಹೋಗಿಲ್ಲ. ಅದಕ್ಕೆ ಸಿಬ್ಬಂದಿಯ ಮನಸ್ಸು ಎಷ್ಟು ಕಾರಣವೋ ಅಲ್ಲಿರುವ ಸಾಮಾನೂ ಅಷ್ಟೇ ಕಾರಣ.

ಹಳೆಯ ಸ್ಟೀಲ್ ಟೇಬಲ್ಲಿಗೆ ನಾವು ಐದಕ್ಕೆ ಎರಡು ಅಂಕ ಕೊಡುತ್ತೇವೆ. ಹೊಲಿಗೆ ಹಾಕಲು, ಕೂಸಿನ ತಲೆ ಹಿಡಿದು ಹೊರತರುವ ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಹಚ್ಚಲು ಅದು ಒಳ್ಳೆಯದೇ, ಆ ಎರಡು ಅಂಕ ಅದಕ್ಕೆ. ಮಾಮೂಲಿ ಹೆರಿಗೆಗೆ ಅದು ತೀರಾ ಇಕ್ಕಟ್ಟು. ಅಗಲ ಎರಡು ಅಡಿಯ ಆಸುಪಾಸು ಇರುವಂಥವುಗಳ ಮೇಲೆ ಮಗ್ಗುಲಾದರೆ ಮಡಿಚಿದ ಮೊಣಕಾಲು ಅಂಚಿನಾಚೆ ಹೋಗುತ್ತದೆ, ಬೀಳುವ ಭಯಕ್ಕೆ ಅವಳೇ ಮತ್ತೆ ಅಂಗಾತವಾಗುತ್ತಾಳೆ. ನಡುವೆ ಕತ್ತರಿಸಿದ ಜಾಗದ ಕೆಳಗೆ ಬೇಸಿನ್ ಇದೆಯೆಂಬ ಧೈರ್ಯವೂ ಬೇಡ. ಜಾರುವ ಕೂಸನ್ನು ಹಿಡಿಯಲು ಬೇಸಿನ್ ಮಾಡಿದ್ದಲ್ಲ. ಕಾಲಿನ ತುಂಡನ್ನು ತೆಗೆಯದೆ, ಕೂಸು ಹಾಸಿಗೆಯ ಮೇಲೇ ಬರುವಂತೆ ನೋಡಿಕೊಂಡರೆ ಆ ಅಪಾಯವೇ ಇಲ್ಲ.

ಕಾಲಿನ ಕಂಬಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಾಗುವ ಗಾಯ ಹೆರಿಗೆಯ ಗಾಯವೆಂದು ಯಾರಿಗೂ ಹೊಳೆಯುವುದಿಲ್ಲ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಬೆರಳಿಗೆ ಸಿಗುವ ಒಂದು ಸಣ್ಣ ಮೂಳೆಯ ಗುಬಟು ಇದೆ. ಪಾದವನ್ನು ಮೇಲಕ್ಕೆತ್ತುವ ನರ ಆ ಗುಬಟನ್ನು ಬಳಸಿಕೊಂಡು ಚರ್ಮದ ಕೆಳಗೇ ಹಾಯುತ್ತದೆ. ಕಂಬದ ಕಬ್ಬಿಣ ಅಲ್ಲಿಗೆ ತಾಗಿ ಬಹಳ ಹೊತ್ತು ಒತ್ತಿದರೆ ಹೆರಿಗೆಯಾದ ಮೇಲೆ ಆ ಪಾದ ಎತ್ತಲು ಬರುವುದಿಲ್ಲ, ನಡೆವಾಗ ಮುಂಗಾಲು ನೆಲಕ್ಕೆ ಎಳೆಯುತ್ತದೆ. ಬಹುತೇಕ ಮಂದಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಆದರೆ ಕೂಸನ್ನು ಎತ್ತಿಕೊಂಡು ನಡೆಯುವ ಬಾಣಂತಿಗೆ ಅದು ಸಣ್ಣ ತೊಂದರೆಯಲ್ಲ. ಆದ್ದರಿಂದ ಕಂಬದ ಒಳಬದಿಗೆ ದಪ್ಪ ಪ್ಯಾಡ್ ಇರಲೇಬೇಕು, ಭಾರ ಮೀನಖಂಡದ ಮೇಲೆ ಬೀಳುವಂತೆ ಇರಿಸಬೇಕು. ಎರಡೂ ಕಾಲನ್ನು ಇಬ್ಬರು ಹಿಡಿದು ಒಟ್ಟಿಗೇ ಏರಿಸಿ ಒಟ್ಟಿಗೇ ಇಳಿಸಬೇಕು. ಒಂದೊಂದಾಗಿ ಎಳೆದರೆ ಸೊಂಟದ ಹಿಂದಿನ ಕೀಲಿಗೂ ಮುಂದೆ ಮೂತ್ರಚೀಲದ ಎದುರಿಗಿರುವ ಮೂಳೆಯ ಕೂಡಿಕೆಗೂ ಪೆಟ್ಟಾಗುತ್ತದೆ. ತೊಡೆಯನ್ನು ಬಲವಂತವಾಗಿ ಅಗಲಿಸಿದರೂ ಅಷ್ಟೇ. ಬೆನ್ನಿಗೆ ಇಂಜೆಕ್ಷನ್ ಆಗಿದ್ದವಳಿಗೆ ಇನ್ನೂ ಜಾಗ್ರತೆ ಬೇಕು, ನೋವು ಗೊತ್ತಾಗದೆ ಅವಳು ಸುಮ್ಮನಿರುತ್ತಾಳೆ. ಕೆಲಸ ಮುಗಿದೊಡನೆ ಕಾಲು ಇಳಿಸಬೇಕು. ಹೊಲಿಗೆಯ ಸಾಮಾನು ತರಲು ಹೋದವರು ಬರುವ ತನಕ ಏರಿಸಿಯೇ ಇಡುವುದು ತಪ್ಪು.

ಮೂರು ಭಾಗದ ಕಾಟಿಗೆ ನಾಲ್ಕು ಅಂಕ. ಇದೇ ನಮ್ಮ ಶಿಫಾರಸು, ಆದರೆ ಎಲ್ಲ ಕಾಟೂ ಒಂದೇ ಅಲ್ಲ. ಪಟ್ಟಿ ನೋಡಿ ಕೊಳ್ಳಬೇಡಿ, ಆಸ್ಪತ್ರೆಯ ಒಬ್ಬ ಸಿಸ್ಟರನ್ನು ಅಂಗಡಿಗೆ ಕರೆದೊಯ್ಯಿರಿ. ಅವರು ಚಪ್ಪಲಿ ಬಿಟ್ಟು ಕಾಟ್ ಏರಿ, ಎಡ ಮಗ್ಗುಲಾಗಿ, ಮೊಣಕಾಲು ಎದೆಯ ಕಡೆ ಮಡಿಚಿ ಮಲಗಲಿ. ಮೊಣಕಾಲು ಹೊರಗೆ ಚಾಚದೆ ಬೆನ್ನ ಹಿಂದೆ ಇನ್ನೂ ಒಂದು ಗೇಣು ಜಾಗ ಉಳಿದರೆ ಅಗಲ ಸಾಕು. ಮೂರು ಅಡಿ ಇದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಆಮೇಲೆ ಅವರು ತಿರುಗಿ, ಎತ್ತಿದ ಬೆನ್ನಿನ ತುಂಡಿಗೆ ಎದೆ ಒರಗಿಸಿ ಮಂಡಿಯೂರಲಿ. ತುಂಡು ಕಿರುಗುಟ್ಟಿದರೆ, ಅಲ್ಲಾಡಿದರೆ, ಭಾರಕ್ಕೆ ಕೆಳಗಿಳಿದರೆ ಆ ಕಾಟ್ ಬೇಡ. ಬ್ಯಾನಿ ಬಂದಾಗ ಹೆಂಗಸು ತನ್ನ ಮೈಭಾರವನ್ನೆಲ್ಲ ಅದರ ಮೇಲೇ ಹಾಕುತ್ತಾಳೆ. ಕಾಟನ್ನು ಪೂರ್ತಿ ಕೆಳಗಿಳಿಸಿದಾಗ ಅಂಚಿಗೆ ಕೂತವರ ಪಾದ ನೆಲಕ್ಕೆ ಮುಟ್ಟಬೇಕು. ಸುಮಾರು ಒಂದೂವರೆ ಅಡಿಗೆ ಇಳಿಯುವುದಾದರೆ ಗಿಡ್ಡ ಹೆಂಗಸರಿಗೂ ಮೆಟ್ಟಿಲ ಸ್ಟೂಲ್ ಬೇಕಾಗುವುದಿಲ್ಲ. ನೀರು ಬಿದ್ದ ನೆಲದ ಮೇಲೆ ಮೆಟ್ಟಿಲ ಸ್ಟೂಲ್ ಜಾರುವುದು ಲೇಬರ್ ರೂಮಿನಲ್ಲಿ ಯಾವಾಗಲೂ ಇರುವ ಅಪಾಯ.

ಮೋಟಾರಿನ ಕಾಟ್ ಕೊಳ್ಳುವವರು ಕೇಳಲೇಬೇಕಾದ್ದು: ಕರೆಂಟ್ ಹೋದರೆ ಬೆನ್ನಿನ ತುಂಡನ್ನು ಕೈಯಿಂದ ಒಮ್ಮೆಲೇ ಚಪ್ಪಟೆ ಮಾಡುವ ಲಿವರ್ ಇದೆಯೇ? ಕೂಸಿನ ತಲೆ ಬಂದು ಭುಜ ಸಿಕ್ಕಿಹಾಕಿಕೊಂಡರೆ ಕೈಯಲ್ಲಿರುವುದು ಕೆಲವೇ ನಿಮಿಷ. ಆಗ ಹಾಸಿಗೆ ಚಪ್ಪಟೆಯಾಗಿ, ತಾಯಿಯ ಎರಡೂ ತೊಡೆ ಹೊಟ್ಟೆಯ ಕಡೆ ಒತ್ತಿ ಮಡಿಚಬೇಕು, ಇನ್ನೊಬ್ಬರು ಹೊಟ್ಟೆಯ ತಳದಲ್ಲಿ, ಮೂತ್ರಚೀಲದ ಎದುರಿನ ಮೂಳೆಗಿಂತ ತುಸು ಮೇಲೆ ಅಂಗೈಯಿಂದ ಒತ್ತಬೇಕು. ಅದರಿಂದ ಆಗದಿದ್ದರೆ ಅವಳನ್ನು ಕೈ ಮತ್ತು ಮಂಡಿ ಊರಿ ನಿಲ್ಲುವಂತೆ ತಿರುಗಿಸುವುದೂ ಒಂದು ದಾರಿ. ಕೂಸಿನ ಕುತ್ತಿಗೆ ಎಳೆಯಬಾರದು, ಆ ಎಳೆತದಿಂದ ತೋಳಿನ ನರ ಕಿತ್ತುಹೋಗಬಹುದು. ಇಷ್ಟೆಲ್ಲ ಒಂದೇ ಹಾಸಿಗೆಯ ಮೇಲೆ, ಅವಸರದಲ್ಲಿ, ಯಾವ ಸ್ಕ್ರೂ ಬಿಚ್ಚದೆ ಆಗಬೇಕು. ಗಾಲಿಯ ಬ್ರೇಕ್ ನಾಲ್ಕಕ್ಕೂ ಇರಲಿ, ಹಾಕಿ ನೂಕಿ ನೋಡಿ.

ಕಾಟಿಗಿಂತ ಅಗ್ಗದ, ಆದರೆ ಭಂಗಿಯನ್ನು ಕಾಟಿನಷ್ಟೇ ನಿರ್ಧರಿಸುವ ಸಾಮಾನು ದೀಪ. ಗೋಡೆಗೆ ಅಥವಾ ಸೂರಿಗೆ ಹಾಕಿದ ದೀಪ ಕಾಟಿನ ಕಾಲ ಕಡೆಯಿಂದಷ್ಟೇ ಬೆಳಕು ಕೊಟ್ಟರೆ ಸಿಸ್ಟರ್ ಏನು ಮಾಡಿಯಾರು? ಕಾಣಬೇಕಲ್ಲ, ಅದಕ್ಕೇ ಕಾಲು ಏರಿಸುತ್ತಾರೆ. ಗಾಲಿಯಿರುವ, ಕತ್ತು ಬಗ್ಗುವ ಒಂದು ದೀಪ ಅಥವಾ ಹಣೆಗೆ ಕಟ್ಟುವ ಒಳ್ಳೆಯ ಹೆಡ್‌ಲ್ಯಾಂಪ್ ಇದ್ದರೆ ಮಗ್ಗುಲಲ್ಲಿ ಮಲಗಿದವಳನ್ನೂ ಮಂಡಿಯೂರಿದವಳನ್ನೂ ಸಲೀಸಾಗಿ ನೋಡಬಹುದು. ಸಲೈನ್ ಬಾಟಲಿಯದೂ ಇದೇ ಕಥೆ. ತೊಂದರೆಯಿಲ್ಲದ ಹೆರಿಗೆಯಲ್ಲಿ ಸೂಜಿಗೆ ಮುಚ್ಚಳ ಹಾಕಿ ಬಿಟ್ಟು ಬಾಯಿಂದ ನೀರು, ಗಂಜಿ, ಮಜ್ಜಿಗೆ ಕೊಟ್ಟರೆ ಅವಳು ಕಂಬಕ್ಕೆ ಕಟ್ಟಿದಂತೆ ಬಿದ್ದಿರಬೇಕಿಲ್ಲ. ಕೂಸಿನ ಎದೆಬಡಿತಕ್ಕೆ ಕೈಯಲ್ಲಿ ಹಿಡಿಯುವ ಡಾಪ್ಲರ್ ಸಾಕು. ಬ್ಯಾನಿ ಬಿರುಸಾದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕರಿಸುವ ಹೊತ್ತಿಗೆ 5 ನಿಮಿಷಕ್ಕೊಮ್ಮೆ ಕೇಳಬೇಕು, ಅವಳು ಯಾವ ಭಂಗಿಯಲ್ಲಿದ್ದರೂ.

ಮಗ್ಗುಲು ಭಂಗಿಯನ್ನು ನಾವು ಹೆಚ್ಚು ಹೇಳುವುದಕ್ಕೆ ಕಾರಣ ಇದೆ. ಯೋನಿಗೂ ಗುದದ್ವಾರಕ್ಕೂ ನಡುವಿನ ಭಾಗದ ಮೇಲೆ ಒತ್ತಡ ಸಮನಾಗಿ ಬೀಳುತ್ತದೆ, ತಲೆ ನಿಧಾನವಾಗಿ ಬರುತ್ತದೆ, ಕೈಯಿಂದ ಆಧಾರ ಕೊಡಲು ಜಾಗವಿರುತ್ತದೆ. ರಕ್ತನಾಳದ ಮೇಲೂ ಭಾರವಿಲ್ಲ. ಮಾಡುವುದು ಹೀಗೆ: ಎಡ ಮಗ್ಗುಲು, ಬೆನ್ನಿಗೆ ದಿಂಬು, ಕೆಳಗಿನ ಕಾಲು ಅರೆ ಮಡಿಕೆ. ಮೇಲಿನ ಕಾಲನ್ನು ಜೊತೆಗೆ ಬಂದ ಅವ್ವನೋ ಅಕ್ಕನೋ ಮೊಣಕಾಲ ಹಿಂದೆ ಮತ್ತು ಹಿಮ್ಮಡಿಯಲ್ಲಿ ಹಿಡಿಯಬೇಕು, ಬ್ಯಾನಿ ನಿಂತಾಗ ದಿಂಬಿನ ಮೇಲೆ ಇಳಿಸಬೇಕು. ಆ ಕಾಲನ್ನು ಎದೆಯ ಕಡೆ ಜಗ್ಗಬಾರದು. ತೊಡೆ ವಿಪರೀತ ಮಡಿಚಿ ಬಹಳ ಹೊತ್ತು ಉಳಿದರೆ ತೊಡೆಸಂದಿಯ ನರ ಒತ್ತಿ ತೊಡೆಯ ಮೇಲ್ಮೈ ಜೋಮು ಹಿಡಿಯುತ್ತದೆ. ತಲೆ ಕಾಣಿಸಿಕೊಂಡು ಒಳಗೆ ಸರಿಯದೆ ನಿಂತಾಗ “ಜೋರ್ ಹಾಕವ್ವಾ, ಜೋರ್ ಹಾಕ” ಎಂಬ ಕೂಗು ನಿಲ್ಲಬೇಕು. ಆ ಗಳಿಗೆಗೆ ಬೇಕಾದ್ದು ಬಾಯಿ ತೆರೆದು ಸಣ್ಣ ಸಣ್ಣ ಉಸಿರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಆ ಭಾಗಕ್ಕೆ ಒತ್ತಿ ಹಿಡಿದರೆ ಗುದದ ಸ್ನಾಯುವಿನ ತನಕ ಹರಿಯುವ ದೊಡ್ಡ ಗಾಯ ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಬಟ್ಟೆಯ ಬಿಸಿಯನ್ನು ಮೊದಲು ತಮ್ಮ ಮುಂಗೈಯ ಒಳಬದಿಗೆ ಹಿಡಿದು ನೋಡಬೇಕು, ಬೆನ್ನಿಗೆ ಇಂಜೆಕ್ಷನ್ ಆದವಳಿಗೆ ಸುಟ್ಟರೂ ತಿಳಿಯುವುದಿಲ್ಲ. ಮೇಲಿಂದ ಹೊಟ್ಟೆ ಅಮುಕಿ ಕೂಸನ್ನು ನೂಕುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದಿದೆ. ಯೋನಿದ್ವಾರ ಅಗಲಿಸಲು ಎಲ್ಲರಿಗೂ ರೂಢಿಯಂತೆ ಕತ್ತರಿ ಹಾಕುವುದನ್ನೂ ಬೇಡವೆಂದಿದೆ. ಹಾಕಲೇಬೇಕಾಗಿ ಬಂದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಚರ್ಮ ಹಿಗ್ಗಿ ನಿಂತಿರುವಾಗ ನಡುಗೆರೆಯಿಂದ 60 ಡಿಗ್ರಿ ಓರೆಯಲ್ಲಿ ಹಾಕಬೇಕು. ಹಿಗ್ಗು ಇಳಿದ ಮೇಲೆ ಆ ಕೋನ ಕುಗ್ಗುತ್ತದೆ, ಮೊದಲೇ ಕಡಿಮೆ ಓರೆ ಹಾಕಿದ್ದರೆ ಗಾಯ ಗುದದ ಸ್ನಾಯುವಿನ ಕಡೆಗೇ ಸಾಗುತ್ತದೆ.

ಚೆಂಡು ನಮಗೆ ಬಹಳ ಮೆಚ್ಚಿಗೆಯ ಸಾಮಾನು. ನಾಲ್ಕೂವರೆ ಅಂಕ. ಅಷ್ಟು ಕಡಿಮೆ ಹಣಕ್ಕೆ ಅಷ್ಟು ಉಪಕಾರ ಮಾಡುವುದು ಲೇಬರ್ ರೂಮಿನಲ್ಲಿ ಇನ್ನೊಂದಿಲ್ಲ. ಆದರೆ ಚೆಂಡು ಬ್ಯಾನಿಯ ಮೊದಲ ಹಂತಕ್ಕೆ, ಅದರ ಮೇಲೆ ಯಾರನ್ನೂ ಹಡೆಸುವುದಿಲ್ಲ. ವ್ಯಾಯಾಮದ ಸಾಮಾನಿನ ಅಂಗಡಿಯಲ್ಲಿ ಸಿಗುವುದೂ ಆಗುತ್ತದೆ, ಚುಚ್ಚಿದರೆ ಒಮ್ಮೆಲೇ ಸಿಡಿಯದೆ ನಿಧಾನ ಗಾಳಿ ಬಿಡುವ ಜಾತಿಯದಾಗಿರಬೇಕು ಅಷ್ಟೇ. ಐದು ಅಡಿ ಮೂರು ಇಂಚಿನೊಳಗಿನ ಎತ್ತರದವರಿಗೆ 55 ಸೆಂಟಿಮೀಟರಿನದು, ಅದಕ್ಕಿಂತ ಎತ್ತರದವರಿಗೆ 65ರದು. ನಮ್ಮ ಕಡೆಯ ಹೆಚ್ಚಿನ ಹೆಂಗಸರಿಗೆ 55 ಸರಿಹೋಗುತ್ತದೆ, ಅಂಗಡಿಯವರು ಕೊಡುವುದು ಮಾತ್ರ 65. ಕೂತಾಗ ಸೊಂಟ ಮೊಣಕಾಲಿಗಿಂತ ತುಸು ಮೇಲೆ ಇರಬೇಕು, ಪಾದ ಪೂರ್ತಿ ನೆಲಕ್ಕೆ ಮುಟ್ಟಬೇಕು. ಹೊಸ ಚೆಂಡಿಗೆ ಮೊದಲ ದಿನ ಮುಕ್ಕಾಲು ಗಾಳಿ ತುಂಬಿ ಒಂದು ದಿನ ಬಿಟ್ಟು ಪೂರ್ತಿ ಮಾಡಿದರೆ ಹಿಗ್ಗು ಸಮನಾಗುತ್ತದೆ.

ಚೆಂಡಿನಿಂದ ಆಗುವ ಗಾಯವೆಂದರೆ ಜಾರಿ ಬೀಳುವುದು. ಫರ್ಸಿ ನೆಲ, ಟೈಲ್ಸ್ ನೆಲ ಎರಡೂ ಒದ್ದೆಯಾದರೆ ಜಾರುತ್ತವೆ, ನೆತ್ತಿನೀರು (ಕೂಸಿನ ಸುತ್ತಲಿನ ನೀರು) ಯಾವಾಗ ಒಡೆಯುತ್ತದೋ ಹೇಳಿ ಬರುವುದಿಲ್ಲ. ಕೆಳಗೆ ಜಮಖಾನೆ ಹಾಸಿದರಾಯಿತು ಎಂದುಕೊಳ್ಳಬೇಡಿ. ನವಲಗುಂದದ ಜಮಖಾನೆ ಎಷ್ಟು ಚೆಂದವಿದ್ದರೂ ಟೈಲ್ಸ್ ಮೇಲೆ ಅದೇ ಜರುಗುತ್ತದೆ, ಚೆಂಡೂ ಅದರ ಜೊತೆ ಹೋಗುತ್ತದೆ. ಬೇಕಾದ್ದು ರಬ್ಬರಿನ ಯೋಗ ಮ್ಯಾಟ್, ಬರಿಗಾಲು, ಮುಂದೆ ಹಿಡಿಯಲು ಕಾಟಿನ ಅಂಚು, ಹಿಂದೆ ಒಬ್ಬರು. ಸೀರೆಯುಟ್ಟು ಕೂರುವವರು ನೆರಿಗೆ ಎತ್ತಿ ಕಟ್ಟಲಿ, ನೈಟಿ ಒಳ್ಳೆಯದು. ಸೊಂಟವನ್ನು ಗುಂಡಗೆ ತಿರುಗಿಸುವುದು, ಮುಂದೆ ಹಿಂದೆ ತೂಗುವುದು ಇಷ್ಟೇ ಕೆಲಸ. ಬೆನ್ನಲ್ಲೇ ಬ್ಯಾನಿ ಕಾಣುವವರು ಮಂಡಿಯೂರಿ ಚೆಂಡನ್ನು ತಬ್ಬಿ ಒರಗಿದರೆ ಹಾಯೆನಿಸುತ್ತದೆ. ಮೊಣಕಾಲ ಕೆಳಗೆ ಕೌದಿ ನಾಲ್ಕು ಮಡಿಕೆ ಮಾಡಿ ಹಾಕಿ, ಅದು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ರಕ್ತ ಹೋಗುತ್ತಿದ್ದರೆ, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗಿನಲ್ಲಿ ಹೇಳಿದ್ದರೆ, ಬಿಪಿ ಬಹಳ ಏರಿದ್ದರೆ ಚೆಂಡಿನ ಮಾತು ಬೇಡ. ನೀರು ಒಡೆದಿದ್ದು ತಲೆ ಇನ್ನೂ ಮೇಲೇ ಇದ್ದರೆ ಮಲಗಿಯೇ ಇರಬೇಕು, ಹೊಕ್ಕುಳಬಳ್ಳಿ ಮುಂದೆ ಜಾರುವ ಅಪಾಯವಿದೆ.

ಹೆರಿಗೆ ಸ್ಟೂಲಿಗೆ ಮೂರು. ಮುಂಭಾಗ ತೆರೆದಿರುವ, ಗಿಡ್ಡ, ಕುದುರೆಲಾಳದ ಆಕಾರದ ಆಸನ. ಕುಕ್ಕರಗಾಲಲ್ಲಿ ಕೂತು ಹಡೆಯುವುದು ಹಳೆಯ ಸೂಲಗಿತ್ತಿಯರಿಗೆ ಹೊಸದೇನಲ್ಲ. ಕುಂದಗೋಳ, ನವಲಗುಂದ ಕಡೆ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಹಿಮ್ಮಡಿ ಊರಿ ಕುಕ್ಕರಗಾಲಲ್ಲಿ ತಾಸುಗಟ್ಟಲೆ ಕೂಡಬಲ್ಲರು. ಕಮೋಡ್ ಬಳಸಿ ಅಭ್ಯಾಸವಾದವರಿಗೆ ಅದು ಐದು ನಿಮಿಷಕ್ಕೇ ಆಗದು, ಸ್ಟೂಲ್ ಬೇಕಾಗುವುದು ಅವರಿಗೆ. ಕೂತಾಗ ತಲೆ ಬೇಗ ಇಳಿಯುತ್ತದೆ. ಆ ಬೇಗವೇ ಅದರ ತೊಡಕು ಕೂಡ: ಕೆಳಗಿರುವವರಿಗೆ ಸರಿಯಾಗಿ ಕಾಣುವುದಿಲ್ಲ, ಕೈ ಆಧಾರ ಕೊಡುವುದು ಕಷ್ಟ, ಹರಿಯುವುದು ಹೆಚ್ಚಾಗಬಹುದು. ಬಹಳ ಹೊತ್ತು ಕೂತರೆ ಕೆಳಭಾಗ ಬಾತುಕೊಳ್ಳುತ್ತದೆ, ಕುಕ್ಕರಗಾಲಲ್ಲೇ ಇದ್ದರೆ ಮೊಣಕಾಲ ಬದಿಯ ಅದೇ ನರ ಇಲ್ಲೂ ಒತ್ತುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ. ತಲೆ ಕಾಣತೊಡಗಿದ ಮೇಲೆ ಮಗ್ಗುಲಿಗೋ ಮಂಡಿಗೋ ಬದಲಿಸುವುದು ನಮ್ಮ ಸಲಹೆ.

ನೆಟ್ಟಗಿನ ಭಂಗಿಗಳ ಲೆಕ್ಕವನ್ನು ಎರಡೂ ಕಡೆಯಿಂದ ಹೇಳಬೇಕು. ಬೆನ್ನಿನ ಇಂಜೆಕ್ಷನ್ ಇಲ್ಲದ ಹೆರಿಗೆಗಳಲ್ಲಿ ಅವುಗಳಿಂದ ಫೋರ್ಸೆಪ್ಸ್-ವ್ಯಾಕ್ಯೂಮ್ ಕಡಿಮೆ, ಕತ್ತರಿ ಕಡಿಮೆ, ಕೂಸಿನ ಎದೆಬಡಿತದ ತೊಂದರೆ ಕಡಿಮೆ. ಎರಡನೇ ದರ್ಜೆಯ ಹರಿತ, ಅಂದರೆ ಚರ್ಮದ ಕೆಳಗಿನ ಸ್ನಾಯುವಿನ ತನಕದ್ದು, ಹೆಚ್ಚಾಗಬಹುದು. 500 ಎಂಎಲ್ ದಾಟಿ ರಕ್ತ ಹೋಗುವುದೂ ಹೆಚ್ಚು ಕಾಣುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿರುವ ಬಸುರಿಯರು ನಮ್ಮ ಕಡೆ ಎಷ್ಟು ಮಂದಿ ಎಂಬುದು ಹೆರಿಗೆ ವಾರ್ಡ್ ಬಲ್ಲವರಿಗೆಲ್ಲ ಗೊತ್ತು. ಅವರಿಗೆ 500 ಎಂಎಲ್ ಕೂಡ ದೊಡ್ಡದು. ಕೂಸು ಬಂದ ಒಂದು ನಿಮಿಷದೊಳಗೆ ಗರ್ಭಕೋಶ ಬಿಗಿದು ರಕ್ತ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್ ತೊಡೆಗೆ, ರಕ್ತ ಅಳೆಯಲು ಗುರುತಿರುವ ಪ್ಲಾಸ್ಟಿಕ್ ಚೀಲ, ಮಾಸು ಬೀಳುವ ಹೊತ್ತಿಗೆ ಕಾಟಿಗೆ ಮರಳುವುದು, ಈ ಮೂರನ್ನು ಮೊದಲೇ ಸಿದ್ಧವಿಡದೆ ಸ್ಟೂಲ್ ಬಳಸಬಾರದು. ಬೆನ್ನಿನ ಇಂಜೆಕ್ಷನ್ ಆದ ಚೊಚ್ಚಲ ಹೆರಿಗೆಯಲ್ಲಿ ಮಾತು ತಿರುವುಮುರುವು. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಮಗ್ಗುಲಾಗಿ ಮಲಗಿದವರಲ್ಲಿ ಶೇ. 41.1 ಮಂದಿಗೆ ಉಪಕರಣ, ಸಿಸೇರಿಯನ್ ಯಾವುದೂ ಇಲ್ಲದೆ ಹೆರಿಗೆಯಾಯಿತು, ನೆಟ್ಟಗಿದ್ದವರಲ್ಲಿ ಶೇ. 35.2. ಅಂಥವರಿಗೆ ಅಗಲವಾದ ಕಾಟೇ ಸರಿ.

ಯಾವ ಭಂಗಿಯಲ್ಲೇ ಹಡೆದಿರಲಿ, ಹೊಲಿಗೆಗೆ ಮುಂಚೆ ಒಳ್ಳೆಯ ಬೆಳಕಲ್ಲಿ ನೋಡಿ, ತಾಯಿಗೆ ಹೇಳಿ ಒಪ್ಪಿಗೆ ಪಡೆದು, ಗುದದೊಳಗೆ ಬೆರಳಿಟ್ಟು ಸ್ನಾಯು ಹರಿದಿದೆಯೇ ಎಂದು ಪರೀಕ್ಷಿಸಬೇಕು. ಗುದದ ಸ್ನಾಯು ಹರಿದ ಮೂರನೇ, ನಾಲ್ಕನೇ ದರ್ಜೆಯ ಗಾಯವನ್ನು ಮೇಲಿಂದ ಹೊಲಿದು ಕಳಿಸಿದರೆ ಆಮೇಲೆ ಗಾಳಿ, ಮಲ ತಡೆಯಲಾಗದೆ ಬಾಣಂತಿ ಯಾರಿಗೂ ಹೇಳದೆ ನರಳುತ್ತಾಳೆ. ಅಂಥ ಗಾಯವನ್ನು ಆಪರೇಷನ್ ಥಿಯೇಟರಿನಲ್ಲಿ, ತಿಳಿದವರೇ ಹೊಲಿಯಬೇಕು. ಆ ಅನುಕೂಲವಿಲ್ಲದ ತಾಲೂಕಿನ ಆಸ್ಪತ್ರೆಯಿಂದ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್), ಗದಗ, ಹಾವೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಕಳಿಸುವಾಗ ಒತ್ತಿ ಪ್ಯಾಕ್ ಇಟ್ಟು, ಚೀಟಿಯಲ್ಲಿ ದರ್ಜೆಯನ್ನು ಬರೆದೇ ಕಳಿಸಿ. ಇನ್ನೂ ಹಡೆಯದವಳನ್ನು 108ರಲ್ಲಿ ಕಳಿಸುವುದಾದರೆ ಸ್ಟ್ರೆಚರಿನ ಮೇಲೆ ಎಡ ಮಗ್ಗುಲಾಗಿಯೇ ಮಲಗಿಸಬೇಕು.

ಕೊನೆಗೆ ಹಾಸಿಗೆಯ ರೆಕ್ಸಿನ್. ಹೊಲಿಗೆಯಿಲ್ಲದೆ ಅಂಟಿಸಿದ ಅಂಚಿನದನ್ನು ಕೇಳಿ ತಗೊಳ್ಳಿ, ಹೊಲಿಗೆಯ ತೂತಿನಲ್ಲಿ ರಕ್ತ ಇಳಿದು ಒಳಗಿನ ಫೋಮ್ ನೆನೆಯುತ್ತದೆ. ಪ್ರತಿ ಹೆರಿಗೆಯ ನಂತರ ಕಾಟ್, ಸ್ಟೂಲ್, ಚೆಂಡು ಮೂರನ್ನೂ 0.5 ಶೇಕಡಾ ಕ್ಲೋರಿನ್ ದ್ರಾವಣದಿಂದ ಒರೆಸಿ, ಹತ್ತು ನಿಮಿಷ ಬಿಟ್ಟು, ನೀರಿನ ಬಟ್ಟೆಯಿಂದ ಮತ್ತೆ ಒರೆಸಬೇಕು. ನೀರಿನಿಂದ ಒರೆಸದಿದ್ದರೆ ರೆಕ್ಸಿನ್ ಬೇಗ ಬಿರಿಯುತ್ತದೆ. ಬಿರಿದದ್ದನ್ನು ಟೇಪ್ ಹಚ್ಚಿ ನಡೆಸಬೇಡಿ, ಫೋಮ್ ಒಣಗಿದ್ದರೆ ಹೊದಿಕೆಯಷ್ಟನ್ನೇ ಬದಲಿಸಿ, ನೆನೆದಿದ್ದರೆ ಹಾಸಿಗೆಯನ್ನೇ ತೆಗೆದುಹಾಕಿ.